ನೂರ ನಲವತ್ತು ಕಿಲೋ

ಪೋರ್ಟ್ ಪಿರಿಯ ಆ ಮುದುಕ ಟಾರ್ಪಾಲು ಸರಿಸಿ
"ಎರಡೇ ಸಲ ಹೊರಗೆ ಹೋದದ್ದು" ಅಂದ.
ಎರಡಕ್ಕೇ ಯಾಕೆ ನಿಲ್ಲಿಸಿದೆ ಅಂತ
ಡೆನ್ಜಿಲ್ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಸಾವಿರದ ಇನ್ನೂರು ಡಾಲರು ಎಣಿಸಿ ಕೊಟ್ಟೆವು.
ಎರಡು ಗಾಲಿಯ ತಗಡಿನ ಪೆಟ್ಟಿಗೆ;
ಮುಚ್ಚಳ ಎತ್ತಿದರೆ ಹಸಿರು ಡೇರೆಯೊಂದು
ಮೈಮುರಿಯುತ್ತ ಏಳುತ್ತದೆ, ಒಂದು ಮೊಣಕಾಲು ಸೊಟ್ಟ.

ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈಸ್ಟರ್ ರಜೆಯಲ್ಲಿ,
ವೈಯಾಲಾದ ನಮ್ಮ ಮನೆಯಿಂದ ಇನ್ನೂರು ಕಿಲೋಮೀಟರು,
ಗಾಲರ್ ಬೆಟ್ಟಗಳ ಕೆಮ್ಮಣ್ಣು ದಾರಿ.
ಮುಚ್ಚಳ ತೆಗೆದರೆ ಆ ದಾರಿಯೇ ಒಳಗೆ ಬಂದು ಕೂತಿದೆ:
ಹಾಸಿಗೆಯಲ್ಲಿ, ಸಕ್ಕರೆಯಲ್ಲಿ,
ಹಲ್ಲುಜ್ಜುವ ಬ್ರಷ್ಷಿನ ಎಳೆ ಎಳೆಯಲ್ಲಿ.
ಬ್ರೆಡ್ಡು ಕಚ್ಚಿದರೆ ಕರ್ ಕರ್.
ರಾತ್ರಿ ಮಳೆ. ಹೊಲಿಗೆಯ ಸಂದಿಯಿಂದ ಹನಿ,
ಸರಿಯಾಗಿ ಜೋರಿ ಮಲಗಿದ್ದ ಜಾಗಕ್ಕೆ.
ಕತ್ತಲಲ್ಲಿ ಎದ್ದು ಕೂತು
"ಅಮ್ಮಾ, ಇದು ನಾನಲ್ಲ" ಅಂದ.

ಆಮೇಲೆ ಇಡೀ ಚಳಿಗಾಲ ಶೆಡ್ಡಿನಲ್ಲಿ.
ರಾತ್ರಿಪಾಳಿ ಮುಗಿಸಿ ಬಂದವನು ಬೂಟು ಕಳಚದೆ
ನೇರ ಅದರ ಹೊಟ್ಟೆಯಡಿ ನುಗ್ಗುತ್ತಿದ್ದ.
ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು.
ಆ ಕಾಲುಗಳ ಜೊತೆಗೇ ನನ್ನ ಸಂಸಾರ:
ಕರೆಂಟು ಬಿಲ್ಲು, ಟ್ಯಾಮ್ಸಿನ್‌ಳ ಹಲ್ಲಿನ ತಂತಿ,
ಅತ್ತೆಯ ಮೊಣಕಾಲಿನ ಆಪರೇಷನ್ನು.
ಹ್ಞೂಂ ಅನ್ನುತ್ತಿದ್ದವು ಕಾಲುಗಳು.

ಹೊಲಿಗೆ ಹೊಲಿಗೆಗೂ ಮೇಣ ಉಜ್ಜಿದವಳು ನಾನು,
ಬೆರಳ ತುದಿ ತಿಂಗಳುಗಟ್ಟಲೆ ಜಾರುತ್ತಿತ್ತು.
ಮುಚ್ಚಳದ ಸುತ್ತ ರಬ್ಬರು ಪಟ್ಟಿ ಅವನದು.
ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.
ಮುಚ್ಚಿದ ಕಸಾಯಿ ಅಂಗಡಿಯಿಂದ ಡ್ರಾಯರು ಬಂದವು,
ತೊಟ್ಟಿಯಿದ್ದ ಅಡುಗೆ ಕಟ್ಟೆ ಬಂತು, ಎರಡನೇ ಬ್ಯಾಟರಿ,
ಕಟ್ಟುಮಸ್ತಾದ ನೀರಿನ ಟ್ಯಾಂಕು.
ಉಕ್ಕು ಕಾಯಿಸಿ ಬದುಕುವವನ ಕೈ ಅದು,
ಎರಡು ಮಿಲಿಮೀಟರು ಸಾಕಾದಲ್ಲಿ ಐದು ಹಾಕುತ್ತದೆ.
ಟ್ಯಾಮ್ಸಿನ್ ಕೇಳಿದ್ದು ಒಂದೇ ಒಂದು ಕೊಕ್ಕೆ,
ಟಾರ್ಚು ನೇತುಹಾಕಲು, ತಮ್ಮನಿಗೆ ಎಟುಕದ ಹಾಗೆ.
ನಾಳೆ, ನಾಡಿದ್ದು ಅನ್ನುತ್ತಿದ್ದವು ಕಾಲುಗಳು.

ಸೆಪ್ಟೆಂಬರು. ಗೋಧಿ ಕಣಜದ ತೂಕದ ಕಟ್ಟೆ.
ಏಳುನೂರ ಐವತ್ತು ದಾಟಬಾರದು ಅಂತ
ಅದರ ಮೂತಿಯ ಮೇಲೆ ತಗಡಿನ ಚೀಟಿಯಿದೆ.
ಬೆರಿಲ್ ಕಿಟಕಿಯಿಂದ ತಲೆ ಹೊರಹಾಕಿ
"ಎಂಟುನೂರ ತೊಂಬತ್ತು ಕಣಪ್ಪಾ, ಒಳಗೇನು ಪಿಯಾನೋ ಇದೆಯಾ?"

ಮೂಗಿಗಿಂತ ಮೂಗುತಿ ಭಾರ.
ಹಿಂದಿರುಗುವಾಗ ರೇಡಿಯೋ ಕೂಡ ಹಚ್ಚಲಿಲ್ಲ ಅವನು.

ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದ ಲೆಕ್ಕ ನಂದು:
ಅಡುಗೆ ಕಟ್ಟೆ ಐವತ್ತೆರಡು. ಡ್ರಾಯರು ಮೂವತ್ತೇಳು.
ಬ್ಯಾಟರಿ ಇಪ್ಪತ್ತೊಂಬತ್ತು. ಇನ್ನೂ ಇಪ್ಪತ್ತೆರಡು ಬೇಕು.
ಅವನಮ್ಮನ ಕಬ್ಬಿಣದ ಬಾಣಲೆ ಎತ್ತಿ ನೋಡಿದೆ,
ಅವನು ನನ್ನನ್ನು ನೋಡಿದ. ಕೆಳಗಿಟ್ಟೆ.
ನೀರೇ ಅಷ್ಟು ಕಡಿಮೆ ಒಯ್ಯೋಣ, ಅಂದೆ,
ದಾರಿಯಲ್ಲಿ ಕಿಂಬಾ ಊರಿದೆ, ಊರಲ್ಲಿ ನಲ್ಲಿಯಿದೆ.
ಬಿಚ್ಚಿದ. ಬೆಸೆದದ್ದನ್ನು ಬಿಚ್ಚುವ ಸದ್ದು ಬೇರೆಯೇ,
ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.
ಮಾರನೆಯ ಬೆಳಿಗ್ಗೆ ಡೇರೆಯ ನೆತ್ತಿಯಲ್ಲಿ,
ಡ್ರಾಯರಿನ ಸರಳು ಬಗ್ಗಿಸಿ ಮಾಡಿದ್ದು,
ಒಂದು ಕೊಕ್ಕೆ.
ಟ್ಯಾಮ್ಸಿನ್ ಅದನ್ನೂ ತೂಕ ಹಾಕಿದಳು ನನ್ನ ಅಡುಗೆ ತಕ್ಕಡಿಯಲ್ಲಿ,
ಬಾಗಿಲ ಮೇಲೆ ಬರೆದಳು: ನಲವತ್ತು ಗ್ರಾಂ.

ಮತ್ತೆ ಅದೇ ಬೆಟ್ಟ, ಅದೇ ಕೆಂಪು.
ಮುಚ್ಚಳ ಎತ್ತಿದಾಗ ನಾಲ್ವರೂ ಉಸಿರು ಹಿಡಿದಿದ್ದೆವು.
ದಿಂಬು ದಿಂಬಿನ ಬಣ್ಣದಲ್ಲೇ ಇತ್ತು.
ಜೋರಿ ಬ್ರೆಡ್ಡು ಅಗಿದು, ನಿಂತು, ಮತ್ತೆ ಅಗಿದು
"ಹೋದ ಸಲದ್ದೇ ಚೆನ್ನಾಗಿತ್ತು,
ಅದು ಸದ್ದು ಮಾಡುತ್ತಿತ್ತು" ಅಂದ.
ಯಾರಾದರೂ ನಗುವ ಮೊದಲೇ
ಟಾರ್ಚು ಕೊಕ್ಕೆಯಿಂದ ಮಾಯವಾಗಿತ್ತು,
ಟ್ಯಾಮ್ಸಿನ್ "ಅಪ್ಪಾ!" ಅಂತ ಕೂಗುತ್ತಿದ್ದಳು.
ಗಾಲಿಯ ಪಕ್ಕ ಎರಡು ಕಾಲು.

ಏನಿಲ್ಲ, ಒಂದು ಸಣ್ಣದು,
ಭಾರವೇ ಇಲ್ಲ, ಅಂದವು.